ಎರಡು ಬೀದಿ ಜಗಳದಲ್ಲಿ ಸಿಕ್ಕಿದ ಜೋಡಿ

ಮಾನ್ಯರೇ,

ಕೋಲಾರದಲ್ಲಿ ನಮ್ಮ ಬೀದಿ ಹುಡುಗರಿಗೂ ಹಿಂದಿನ ಬೀದಿ ಹುಡುಗರಿಗೂ ಎರಡು ವರ್ಷದಿಂದ ಆಗಿಬರುತ್ತಿಲ್ಲ. ಗಣೇಶನ ಮೆರವಣಿಗೆಯಲ್ಲಿ ಯಾರ ತಮಟೆ ಮುಂದೆ ಹೋಗಬೇಕು ಅಂತ ಶುರುವಾಗಿದ್ದು. ಈಗ ಟೊಮೆಟೊ ಮಂಡಿಯಲ್ಲಿ ಒಟ್ಟಿಗೆ ಕ್ರೇಟ್ ಹೊರುತ್ತಿದ್ದವರೇ ದೊಣ್ಣೆ ಹಿಡಿದಿದ್ದಾರೆ.

ಇದರ ನಡುವೆ ಈ ಬೀದಿಯ ಹುಡುಗಿ, ಆ ಬೀದಿಯ ಹುಡುಗ ಪ್ರೀತಿಸಿದ್ದಾರೆ. ಇಬ್ಬರೂ ಮದುವೆ ವಯಸ್ಸಿನವರು, ದುಡಿಯುವವರು. ಅಂತರಗಂಗೆ ಬೆಟ್ಟದ ಮೆಟ್ಟಿಲ ಮೇಲೆ ಕೂತಿದ್ದಾಗ ಯಾರೋ ಫೋಟೋ ತೆಗೆದು ಗುಂಪಿಗೆ ಕಳಿಸಿದರು. ಮಾರನೇ ದಿನ ಹುಡುಗನ ಹುಬ್ಬಿಗೆ ಆರು ಹೊಲಿಗೆ. ಹುಡುಗಿಯ ಫೋನು ಅಣ್ಣನ ಜೇಬಿನಲ್ಲಿ. ಮೊನ್ನೆ ಅವಳು ಮೊಸರಿಗೆ ಹೆಪ್ಪು ಬೇಕು ಅಂತ ನಮ್ಮ ಮನೆಗೆ ಬಂದಳು. ಹೆಪ್ಪು ಹಾಕಿಕೊಟ್ಟರೂ ಹೋಗಲಿಲ್ಲ. ಲೋಟ ಹಿಡಿದುಕೊಂಡೇ, 'ಅವನು ಹೇಗಿದ್ದಾನೆ ಆಂಟಿ?' ಅಂದಳು. ನನ್ನ ಬಾಯಿಂದ ಮಾತೇ ಬರಲಿಲ್ಲ.

ಠಾಣೆಗೆ ಹೋದರೆ, 'ನೀವೇ ಕೂತು ಮಾತಾಡಿಕೊಳ್ಳಿ' ಅಂದರು. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾಗಲು ಮನೆಯವರ, ಊರವರ ಒಪ್ಪಿಗೆ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ, ಶಕ್ತಿ ವಾಹಿನಿ ಅನ್ನೋ ಸಂಸ್ಥೆ ಹಾಕಿದ್ದ ಕೇಸಿನ ತೀರ್ಪಿನಲ್ಲಿ ಹೇಳಿದೆ. ಬೆದರಿಕೆ ಇರುವ ಜೋಡಿಗಳಿಗೆ ಪ್ರತಿ ಜಿಲ್ಲೆಯಲ್ಲೂ ವಿಶೇಷ ಘಟಕ, 24 ಗಂಟೆಯ ಸಹಾಯವಾಣಿ ಇರಬೇಕು ಅಂತಲೂ ಹೇಳಿದೆ. ಆ ನಂಬರನ್ನು ಕಾಲೇಜು ಗೇಟಿನಲ್ಲಿ, ಬಸ್ ನಿಲ್ದಾಣದಲ್ಲಿ, ಮಂಡಿಯಲ್ಲಿ ದೊಡ್ಡದಾಗಿ ಬರೆಸಬಹುದು ಅಲ್ವಾ? ಪೊಲೀಸರು ಎರಡೂ ಬೀದಿಯ ಹಿರಿಯರನ್ನು ಕರೆಸಲಿ. ಅದಕ್ಕೂ ಮೊದಲು ಆ ಹುಡುಗಿಯ ಫೋನು ಅವಳ ಕೈಗೆ ಕೊಡಿಸಲಿ.

— ಓದುಗರು, ಕೋಲಾರ