ಬೇಲಿ ಸುತ್ತ ಒಮ್ಮೆ ನಡೆದು ನೋಡು

ಮಡಿಕೇರಿ

ಮಗಳೇ,

ನಿನ್ನ ಕಾಗದ ಮೊನ್ನೆ ಸಿಕ್ಕಿತು. ಅಡಿಕೆಯ ಕೊಳೆರೋಗ, ಅಮ್ಮನ ಮಂಡಿನೋವು, ಅವೆಲ್ಲ ಫೋನಿನಲ್ಲೇ ಮಾತಾಗಿದೆ, ಬಿಡು. ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಪುಟದ ಒಂದೇ ಸಾಲು. 'ಆ ಪುನುಗು ಬೆಕ್ಕು ಈಗ ನನ್ನ ಕೈಯಿಂದಲೇ ಬಾಳೆಹಣ್ಣು ತಿನ್ನುತ್ತದೆ ಮಾವ, ಎಲ್ಲರಿಗೂ ತೋರಿಸುವ ಮೊದಲೇ ಬರುವುದು ನಿಲ್ಲಿಸಿಬಿಟ್ಟರೆ ಅಂತ ಭಯ' ಎಂದು ಬರೆದಿದ್ದೀಯ. ಅದು ಬಾರದೆ ಹೋದೀತು ಎಂದು ನಿನಗೆ ಭಯ. ನನಗೆ, ಅದು ಬರುತ್ತಿದೆಯಲ್ಲ ಎಂದು ಭಯ.

ನೀನು ಕಂಡದ್ದು ಯಾರ ಕಣ್ಣಿಗೂ ಬೀಳದ ಆ ಮಲಬಾರ್ ಪುನುಗು ಹೌದೋ ಅಲ್ಲವೋ, ನಾನು ಇಲ್ಲಿ ಕೂತು ಹೇಳಲಾರೆ. ಬೆನ್ನ ಮೇಲೆ ಎದ್ದು ನಿಂತ ಕರಿ ಕೂದಲಿನ ಸಾಲು, ಮೈಮೇಲೆ ದೊಡ್ಡ ಕರಿ ಚುಕ್ಕೆ, ಸಾಧಾರಣ ಪುನುಗಿಗಿಂತ ದೊಡ್ಡ ಮೈ. ನೀನು ಬರೆದದ್ದೆಲ್ಲ ಹೊಂದುತ್ತದೆ. ಕಾಫಿ ಹಣ್ಣು ನುಂಗಿ ಬೀಜ ಉಳಿಸಿ ಹೋಗುವ ನಮ್ಮ ಕಂದು ಮರಬೆಕ್ಕಿಗೆ ಇಂಥ ಚುಕ್ಕೆ ಇಲ್ಲ. ಅದೂ ಅಲ್ಲದೆ ಮಲಬಾರ್ ಪುನುಗು ಘಟ್ಟದ ಕೆಳಗಿನ ಪ್ರಾಣಿ, ನಿಮ್ಮ ಕರಿಕೆ ಕೇರಳಕ್ಕೆ ಇಳಿಯುವ ದಾರಿ. ಮನೆಯವರು ನಕ್ಕರೆಂದು ನೀನು ನೊಂದಿದ್ದೀಯ. ನಾನು ನಗುವುದಿಲ್ಲ. ಒಂದು ಕಾಲದಲ್ಲಿ ನನ್ನನ್ನು ನೋಡಿಯೂ ನಕ್ಕಿದ್ದರು.

ಇದನ್ನು ನಿಮ್ಮ ಅಮ್ಮನಿಗೂ ಹೇಳಿಲ್ಲ. 1983ರ ಮಳೆಗಾಲ. ಪೆರುಂಬಾಡಿಯಿಂದ ಮಾಕುಟ್ಟದ ಕಡೆ ಇಳಿಯುವಲ್ಲಿ ಒಂದು ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ರಾತ್ರಿ ಆಳುಗಳ ಲೈನ್ ಮನೆಗಳ ಹಿಂದಿನ ದಿಬ್ಬದ ಮೇಲೆ ಟಾರ್ಚಿನ ಬೆಳಕಿಗೆ ಎರಡು ಕಣ್ಣು. ಬೆನ್ನ ಕೂದಲು ಸೆಟೆದಿತ್ತು. ಮರುದಿನ ಹೇಳಿದರೆ ಯಾರೂ ನಂಬಲಿಲ್ಲ. ತೋರಿಸಿಯೇ ತೀರುತ್ತೇನೆಂದು ಹಟ ಹಿಡಿದೆ. ದಿನಾ ಸಂಜೆ ಅದೇ ಜಾಗದಲ್ಲಿ ಎರಡು ತೊಳೆ ಹಲಸಿನ ಹಣ್ಣು. ಮೊದಲು ನಾನು ಹೋದ ಮೇಲೆ ಬರುತ್ತಿತ್ತು. ಆಮೇಲೆ ನಾನು ಕೂತಿರುವಾಗಲೇ ಬಂತು. ಮಳೆ ಹನಿ ಬಿದ್ದು ಮೂತಿ ಕೊಡವುತ್ತಿತ್ತು, ಮತ್ತೆ ತಿನ್ನುತ್ತಿತ್ತು. ಕಾಡಿನದೊಂದು ಜೀವ ನನ್ನ ಪಕ್ಕ ಹೆದರದೆ ತಿನ್ನುತ್ತಿದೆ ಎಂಬ ಸಂತೋಷ ಇದೆಯಲ್ಲ, ಅಂಥದ್ದು ಆಮೇಲೆ ನನಗೆ ಸಿಗಲೇ ಇಲ್ಲ. ನಿನಗೆ ಏನಾಗುತ್ತಿದೆಯೆಂದು ನನಗೆ ಚೆನ್ನಾಗಿ ಗೊತ್ತು.

ನಾನು ಕಲಿಸಿದ ಹೊತ್ತಿಗೆ, ನಾನು ಕಲಿಸಿದ ಜಾಗಕ್ಕೆ ಅದು ಬರುತ್ತಿತ್ತು. ಅದನ್ನು ಇನ್ನೊಬ್ಬರೂ ಗಮನಿಸಿದ್ದರು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಕ್ಲಚ್ ವೈರಿನ ಉರುಳು, ಕೆಸರಲ್ಲಿ ಹೊರಳಾಡಿದ ಗುರುತು, ಒಂದು ಹಿಡಿ ಕರಿ ಕೂದಲು. ಉರುಳಿಟ್ಟವರು ನನಗಿಂತ ಮೊದಲೇ ಬಂದುಹೋಗಿದ್ದರು. ಅದು ಯಾವ ಪ್ರಾಣಿ ಎಂದು ಇವತ್ತಿಗೂ ನನಗೆ ತಿಳಿಯದು. ಕೂದಲನ್ನಾದರೂ ಎತ್ತಿಟ್ಟುಕೊಳ್ಳಬೇಕಿತ್ತು. ಹೊಳೆಗೆ ಬಿಟ್ಟೆ.

ನಾಲ್ಕು ವರ್ಷದ ಮೇಲೆ, 1987ರಲ್ಲಿ, ಅಳಿದೇ ಹೋಯಿತು ಎಂದುಕೊಂಡಿದ್ದ ಮಲಬಾರ್ ಪುನುಗು ಇನ್ನೂ ಇದೆಯೆಂದು ಗೊತ್ತಾಯಿತು. ಹೇಗೆ ಗೊತ್ತಾಯಿತು? ಕೇರಳದ ನಿಲಂಬೂರು ಕಡೆ ಆಗಷ್ಟೇ ಕೊಂದು ಸುಲಿದ ಚರ್ಮ ಸಿಕ್ಕಿತು. ಅದರ ಹಿಂದಿನ ವರ್ಷ ಆಂಧ್ರದ ಕಡಪದಲ್ಲಿ ಕಲಿವಿಕೋಡಿ, ಅಂದರೆ ಜೆರ್ಡನ್ ಕೋರ್ಸರ್ ಎಂಬ ಹಕ್ಕಿ, 86 ವರ್ಷದ ಮೇಲೆ ಮತ್ತೆ ಕಂಡಿತು. ರಾತ್ರಿ ಟಾರ್ಚ್ ಬಿಟ್ಟು ಹಿಡಿದ ಆ ಹಕ್ಕಿಯೂ ಬದುಕಲಿಲ್ಲ. ಇವನ್ನೆಲ್ಲ ಓದಿದಾಗ ನನಗೆ ಕಂಡದ್ದು ಆ ಉರುಳೇ. ಬದುಕಿದೆ ಎಂದು ತೋರಿಸಲು ಹೋಗಿ ಸತ್ತದ್ದನ್ನು ಎತ್ತಿಕೊಂಡು ಬರುವುದು. ನೀನು ಎಲ್ಲರಿಗೂ ತೋರಿಸುತ್ತೇನೆ ಅಂದಾಗ ಎದೆ ಧಸಕ್ಕೆಂದಿತು.

ಎಲ್ಲ ಕಡೆಯೂ ಹಾಗೇ ಆಗಬೇಕೆಂದಿಲ್ಲ. 1997ರಲ್ಲಿ ಮಹಾರಾಷ್ಟ್ರದಲ್ಲಿ 113 ವರ್ಷದ ಮೇಲೆ ಕಾಡು ಗೂಬೆಯೊಂದನ್ನು ಕಂಡವರು ಅದನ್ನು ಮುಟ್ಟಲಿಲ್ಲ, ವಿಡಿಯೊ ತೆಗೆದುಕೊಂಡು ಬಂದರು. ನಿನಗೂ ಕ್ಯಾಮೆರಾ ಟ್ರ್ಯಾಪ್, ಪ್ರಾಣಿ ಮುಂದೆ ಹಾದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ, ಸಿಕ್ಕೀತು, ಅರಣ್ಯ ಇಲಾಖೆಯಲ್ಲಿ ನಂಬಿಕೆಯ ಒಬ್ಬರಿಗೆ ಮೆಲ್ಲಗೆ ಹೇಳಿದರೆ. ನನಗೆ ಅದರ ವ್ಯವಹಾರ ಹೆಚ್ಚು ತಿಳಿಯದು. ಕೆಸರಿನ ಹೆಜ್ಜೆಯ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೊ ತೆಗೆ, ಅಷ್ಟು ಹೇಳಬಲ್ಲೆ. ವಾಟ್ಸಾಪಿನಲ್ಲಿ ಮಾತ್ರ ಜಾಗದ ಹೆಸರು ಹಾಕಬೇಡ, ನಮ್ಮ ಮನೆಯ ಗುಂಪಿನಲ್ಲೂ ಬೇಡ.

ಹಣ್ಣು ಇಡುವುದನ್ನು ನಿಲ್ಲಿಸು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೂ ನಿಲ್ಲಿಸು ಮಗೂ. ಒಮ್ಮೆಲೇ ನಿಲ್ಲಿಸಿದರೆ ಹುಡುಕಿಕೊಂಡು ಲೈನ್ ಮನೆಗಳ ಕಡೆ ಹೋದೀತೇ ಎಂದು ರಾತ್ರಿಯೆಲ್ಲ ಯೋಚಿಸಿದೆ, ಬಗೆಹರಿಯಲಿಲ್ಲ. ದಿನ ಬಿಟ್ಟು ದಿನ ಕಡಿಮೆ ಮಾಡುತ್ತಾ ಹೋಗು. ಕೈಯಿಂದ ಕೊಡುವುದು ಇವತ್ತಿಗೇ ಸಾಕು. ನಿನ್ನ ಕೈಗೆ ಹೆದರದ್ದು ಇನ್ನೊಬ್ಬರ ಕೈಗೂ ಹೆದರುವುದಿಲ್ಲ.

ಇದೊಂದು ಕೆಲಸ ಮಾತ್ರ ತಪ್ಪದೆ ಮಾಡು. ಕಾಗದ ಸಿಕ್ಕ ಮರುದಿನ ಬೆಳಿಗ್ಗೆ, ಬಿಸಿಲು ಏರುವ ಮೊದಲು, ಅದು ಬರುವ ದಾರಿಯ ಬೇಲಿ ಸುತ್ತ ನಡೆದು ನೋಡು. ತಂತಿಯನ್ನು ನೆಲದಿಂದ ಒಂದು ಗೇಣು ಮೇಲೆ ಕಟ್ಟಿರುತ್ತಾರೆ. ಇಬ್ಬನಿ ಇದ್ದರೆ ಬೇಗ ಕಣ್ಣಿಗೆ ಬೀಳುತ್ತದೆ. ನೋಡಿ ಬಂದ ಕೂಡಲೇ ನನಗೊಂದು ಫೋನ್ ಮಾಡು, ಎಷ್ಟು ಹೊತ್ತಾದರೂ ಪರವಾಗಿಲ್ಲ.

ನಿನ್ನ ಮಾವ