ಕಿರಣನಿಗೆ, ನಿನ್ನ ಸ್ಕ್ರಿಪ್ಟ್ ಓದಿದ ಮೇಲೆ

ಕಿರಣ,

ನಿನ್ನ ಸಿನಿಮಾದ ಸ್ಕ್ರಿಪ್ಟ್ ಎರಡು ಸಲ ಓದಿದೆ. ಮೊದಲನೇ ಸಲ ಅತ್ತೆಯಾಗಿ ಓದಿದೆ, ಖುಷಿಯಾಯಿತು. ಎರಡನೇ ಸಲ ಆಸ್ಟ್ರೇಲಿಯಾದ ಈ ಗಣಿ ಊರು ಬ್ರೋಕನ್ ಹಿಲ್‌ನಲ್ಲಿ ಹದಿನೆಂಟು ವರ್ಷ ನರ್ಸ್ ಆಗಿ ದುಡಿದವಳಾಗಿ ಓದಿದೆ, ತಲೆ ಕೆಟ್ಟಿತು. ಬೈತಾಳೆ ಅಂತ ಗೊತ್ತಿದ್ದೇ ಕಳಿಸಿದ್ದೀಯ, ಅಲ್ವಾ? ಹಾಗಾದರೆ ಕೇಳು.

ನಿನ್ನ ಶಿಯರರ್, ಅದೇ ಕುರಿಯ ಉಣ್ಣೆ ಕತ್ತರಿಸುವವನು, ಸೂರ್ಯ ಮುಳುಗುವ ಹೊತ್ತಿಗೆ ಶೆಡ್ ಬಾಗಿಲಿಗೆ ಒರಗಿಕೊಂಡು ಮಣ್ಣು, ಮಳೆ, ಒಂಟಿತನ ಅಂತ ಒಂದೂವರೆ ಪುಟ ಮಾತಾಡುತ್ತಾನೆ. ಯಾವ ಊರಿನ ಶಿಯರರ್ ಕಣೋ ಅವನು? ಬೆಳಗ್ಗೆ ಏಳೂವರೆಗೆ ಬೆಲ್ ಹೊಡೆದರೆ ಎರಡು ಗಂಟೆ ಹೊತ್ತು ಬಗ್ಗಿದ ಸೊಂಟ ಬಗ್ಗಿದ ಹಾಗೇ. ಒಂಬತ್ತೂವರೆಗೆ ಅರ್ಧ ಗಂಟೆ ಟೀ, ಇಲ್ಲಿಯವರು ಅದಕ್ಕೆ ಸ್ಮೋಕೋ ಅಂತಾರೆ. ಹತ್ತರಿಂದ ಹನ್ನೆರಡು, ಆಮೇಲೆ ಊಟ, ಒಂದರಿಂದ ಮೂರು, ಮತ್ತೆ ಸ್ಮೋಕೋ, ಮೂರೂವರೆಯಿಂದ ಐದೂವರೆ. ಕೂಲಿ ಕೊಡುವುದು ಕುರಿ ಎಣಿಸಿ. ಹಾಗಾಗಿ ಪ್ರತಿಯೊಬ್ಬನೂ ತನ್ನ ಕುರಿ ಹಿಡಿದುಕೊಂಡೇ ಪಕ್ಕದವನ ಲೆಕ್ಕ ಎಷ್ಟಾಯಿತು ಅಂತ ಕಣ್ಣಂಚಿನಲ್ಲಿ ನೋಡುತ್ತಿರುತ್ತಾನೆ. ನಿನಗೆ ಬೇಕಾದ ನಾಟಕವೆಲ್ಲ ಆ ನೋಟದಲ್ಲಿದೆ, ನೀನು ಅದನ್ನು ಬಿಟ್ಟು ಸೂರ್ಯಾಸ್ತದ ಹಿಂದೆ ಹೋಗಿದ್ದೀಯ. ಐದೂವರೆಗೆ ಅವನಿಗೆ ಬೇಕಾಗಿರುವುದು ಸ್ನಾನ, ತಣ್ಣನೆ ಬಿಯರ್, ಊಟ. ಒಂಟಿತನದ ಬಗ್ಗೆ ಮಾತಾಡುವಷ್ಟು ಉಸಿರು ಉಳಿದಿರಲ್ಲ.

ಇನ್ನೊಂದು. "ಒರಟು ಕೈ" ಅಂತ ಮೂರು ಕಡೆ ಬರೆದಿದ್ದೀಯ. ನಮ್ಮ ವಾರ್ಡಿಗೆ ಬರುತ್ತಿದ್ದ ಒಬ್ಬ ಮುದುಕ ಶಿಯರರ್‌ಗೆ ಬೆನ್ನು ಹಾಳಾಗಿ ನೇರವಾಗಿ ಅಂಗಾತ ಮಲಗಲು ಆಗುತ್ತಿರಲಿಲ್ಲ, ಮೊಣಕಾಲ ಕೆಳಗೆ ಎರಡು ದಿಂಬು ಇಡಬೇಕಿತ್ತು. ಆದರೆ ಅಂಗೈ? ಬಾಣಂತಿ ಮನೆಯ ಮಗುವಿನ ಪಾದದ ಹಾಗೆ ಮೆತ್ತಗೆ. ಉಣ್ಣೆಯಲ್ಲಿ ಜಿಡ್ಡು ಇರುತ್ತದಲ್ಲ, ಲ್ಯಾನೊಲಿನ್, ಅದು ಜೀವನಪೂರ್ತಿ ಕೈಗೆ ಮೆತ್ತಿಕೊಂಡಿರುತ್ತದೆ. ಇಂಥದ್ದು ಮೆಲ್ಬರ್ನ್‌ನ ರೂಮಿನಲ್ಲಿ ಕೂತು ಊಹಿಸಿದರೆ ಸಿಗಲ್ಲ ಪುಟ್ಟ, ಯಾರದ್ದಾದರೂ ಕೈ ಮುಟ್ಟಬೇಕು.

'ಸಂಡೇ ಟೂ ಫಾರ್ ಅವೇ' ನೋಡಿದ್ದೀಯಾ? 1975ರದು, ಕೆನ್ ಹ್ಯಾನಮ್ ನಿರ್ದೇಶನ, ದಕ್ಷಿಣ ಆಸ್ಟ್ರೇಲಿಯಾದ ಸರ್ಕಾರಿ ಚಿತ್ರ ನಿಗಮ ತೆಗೆದ ಮೊದಲ ಕಥಾಚಿತ್ರ. ಜ್ಯಾಕ್ ಥಾಂಪ್ಸನ್ ಫೋಲಿ ಅನ್ನುವ ಶಿಯರರ್. ಹೆಸರು ಬಂದಿದ್ದು ಶಿಯರರ್ ಹೆಂಡತಿಯ ಗೋಳಿನಿಂದ: ಶುಕ್ರವಾರ ಸುಸ್ತು, ಶನಿವಾರ ಕುಡಿದಿರುತ್ತಾನೆ, ಭಾನುವಾರ ತುಂಬಾ ದೂರ. ನಮ್ಮ ಹೆಂಗಸರ ಬೀಸೋಕಲ್ಲಿನ ಪದದ ಹಾಗಿಲ್ವಾ? ಆ ಸಿನಿಮಾದಲ್ಲಿ ಯಾರೂ ಭಾಷಣ ಹೊಡೆಯಲ್ಲ. ಸ್ಪರ್ಧೆ, ಅಡುಗೆಯವನ ಜೊತೆ ಜಗಳ, ಕುಡಿದು ಕುಡಿದು ಮುಗಿದೇ ಹೋದ ಒಬ್ಬ ಮುದುಕ, ಅಷ್ಟೇ. 1956ರ ಶಿಯರರ್‌ಗಳ ಮುಷ್ಕರದ ವಿಷಯ ಕೊನೆಯಲ್ಲಿ ಎರಡು ಮೂರು ಸಾಲು ಅಕ್ಷರದಲ್ಲಿ ಬಂದು ಹೋಗುತ್ತದೆ: ಒಂಬತ್ತು ತಿಂಗಳು ನಡೆಯಿತು, ಗೆದ್ದರು, ದುಡ್ಡಿಗಿಂತ ಜಾಸ್ತಿ ಅವಮಾನ ಸಹಿಸಲಾರದೆ ನಿಂತಿದ್ದರು ಅಂತ. ಅಷ್ಟು ಹೊತ್ತು ಅವರ ಕೆಲಸ ನೋಡಿದ್ದರಿಂದಲೇ ಆ ಸಾಲು ನಾಟುತ್ತದೆ. ದೋಷ ಇಲ್ಲ ಅಂತಲ್ಲ. ನಿರ್ಮಾಪಕರು ಕತ್ತರಿ ಆಡಿಸಿದರು, ನಿರ್ದೇಶಕನಿಗೆ ಅದು ಹಿಡಿಸಲಿಲ್ಲ, ಮಾಲೀಕನ ಮಗಳ ಕಥೆ ಅರ್ಧಕ್ಕೇ ನಿಂತ ಹಾಗಿದೆ.

ನೀನು ಫೋನಿನಲ್ಲಿ ಕೇಳಿದ್ದೆ, "ಅತ್ತೆ, ನಾನು ಹೊರಗಿನವನು, ಇವರ ಕಥೆ ಮಾಡಬಹುದಾ?" ಅಂತ. ಈ ಬ್ರೋಕನ್ ಹಿಲ್‌ನಲ್ಲೇ ತೆಗೆದ 'ವೇಕ್ ಇನ್ ಫ್ರೈಟ್' ನೋಡು, 1971ರದು. ನಿರ್ದೇಶಕ ಟೆಡ್ ಕೊಚೆಫ್ ಕೆನಡಾದವನು, ಚಿತ್ರಕಥೆ ಬರೆದ ಎವನ್ ಜೋನ್ಸ್ ಜಮೈಕಾದವನು. ಆಗ ಜನ ನೋಡಲಿಲ್ಲ, "ಇದು ನಾವಲ್ಲ" ಅಂದರು. ಮೂಲ ನೆಗೆಟಿವ್ ಕಳೆದೇ ಹೋಗಿತ್ತು. ಎಡಿಟರ್ ಆಂಥೊನಿ ಬಕ್ಲಿ ವರ್ಷಗಟ್ಟಲೆ ಹುಡುಕಿ 2004ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಪತ್ತೆ ಮಾಡಿದಾಗ ಡಬ್ಬದ ಮೇಲೆ ನಾಶಮಾಡಲು ಅಂತ ಬರೆದಿತ್ತಂತೆ! 2009ರಲ್ಲಿ ಮತ್ತೆ ಬಿಡುಗಡೆಯಾದಾಗ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಆ ಬಲವಂತದ ಬಿಯರ್, ಬೇಡ ಅಂದರೆ ಮುಖ ಕೆಂಪಾಗುವ ಉಪಚಾರ, ನಾನು ಬಂದ ಹೊಸದರಲ್ಲಿ ಕಣ್ಣಾರೆ ನೋಡಿದ್ದೇನೆ. ಹೊರಗಿನವನ ಕಣ್ಣಿಗೇ ಅದು ಬಿದ್ದಿದ್ದು.

ಆದರೂ ನನಗೊಂದು ತಕರಾರಿದೆ. ಅದರಲ್ಲಿ ಗಂಡಸರು ಕುಡಿಯುತ್ತಾರೆ, ಜೂಜಾಡುತ್ತಾರೆ, ರಾತ್ರಿ ಕಾಂಗರೂ ಹೊಡೆಯುತ್ತಾರೆ. ಯಾಕೆ ಅಷ್ಟು ಕುಡಿಯುತ್ತಾರೆ ಅನ್ನುವುದಕ್ಕೆ ನೆಲದ ಕೆಳಗಿನ ಪಾಳಿ ಕಾಣಬೇಕಿತ್ತು, ಅದು ಕಾಣಲ್ಲ. ಇದೇ ಊರಿನ ಗಣಿಯವರು 1919ರಲ್ಲಿ ಮುಷ್ಕರ ಶುರು ಮಾಡಿ ಹದಿನೆಂಟು ತಿಂಗಳು ನಿಂತು ವಾರಕ್ಕೆ 35 ಗಂಟೆ ಕೆಲಸ ಅಂತ ಮಾಡಿಸಿಕೊಂಡವರು. ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಇಳಿಯುತ್ತಿದ್ದ ನಿನ್ನ ತಾತನ ಕೆಮ್ಮು ಕೇಳಿ ಬೆಳೆದವಳು ನಾನು. ಇಲ್ಲಿನ ಹಳೇ ಗಣಿಯವರು ವಾರ್ಡಿನಲ್ಲಿ ಕೆಮ್ಮಿದರೆ ಕಣ್ಣು ಮುಚ್ಚಿಕೊಂಡು ಕೆಜಿಎಫ್ ಅಂತಲೇ ಅಂದುಕೊಳ್ಳಬಹುದಿತ್ತು. ನಮ್ಮೂರಿನ ಹೆಸರಲ್ಲೂ ಒಂದು ಭಾರೀ ಸಿನಿಮಾ ಬಂತಲ್ಲ, ನಿಮ್ಮಪ್ಪ ಶಿಳ್ಳೆ ಹೊಡೆದು ನೋಡಿದ. ನಾನೂ ನೋಡಿದೆ. ಸೈನೈಡ್ ದಿಬ್ಬ ಕಂಡಿತು, ತಾತ ಕಾಣಲಿಲ್ಲ.

ದುಡ್ಡು ಸುರಿದರೂ ದುಡಿಮೆಯ ಸುಸ್ತು ತೆರೆಗೆ ಬರಲ್ಲ. ಬಾಜ್ ಲರ್ಮನ್‌ನ 2008ರ 'ಆಸ್ಟ್ರೇಲಿಯಾ'ದಲ್ಲಿ ದನ ಹೊಡೆದುಕೊಂಡು ಹೋಗುವುದೇ ದೊಡ್ಡ ಘಟ್ಟ, ನೋಡಲು ಚೆಂದ, ಯಾರಿಗೂ ಸುಸ್ತೇ ಆದ ಹಾಗೆ ಕಾಣಲ್ಲ. ಅಂಥ ದನದ ಸ್ಟೇಷನ್‌ಗಳಲ್ಲಿ, ಅಂದರೆ ದನ ಸಾಕುವ ದೊಡ್ಡ ಜಮೀನುಗಳಲ್ಲಿ, ಸರಿಯಾದ ಸಂಬಳ ಕೊಡಿ ಅಂತ ವಿನ್ಸೆಂಟ್ ಲಿಂಗಿಯಾರಿ ಮತ್ತು ಅಲ್ಲಿನ ಮೂಲನಿವಾಸಿ ಗುರಿಂಜಿ ಜನ 1966ರಲ್ಲಿ ವೇವ್ ಹಿಲ್ ಸ್ಟೇಷನ್ ಬಿಟ್ಟು ಹೊರನಡೆದರು. ಯಾರ ಕಥೆ ಮಾಡಿದರೂ ಅವನಿಗೆ ದುಡ್ಡು ಯಾರು ಕೊಡುತ್ತಾರೆ, ಎಷ್ಟು ಕೊಡುತ್ತಾರೆ, ಕೊಡುವವರು ಯಾವಾಗ ಸತಾಯಿಸುತ್ತಾರೆ, ಇಷ್ಟು ಕೇಳಿಕೊಂಡು ಬಾ. ನಿನ್ನ ಸ್ಕ್ರಿಪ್ಟಿನಲ್ಲಿ ದುಡ್ಡಿನ ಮಾತು ಒಂದು ಕಡೆಯೂ ಇಲ್ಲ. ಬಡವರ ಮನೆಯಲ್ಲಿ ಬೇರೆ ಮಾತೇ ಇರಲ್ಲ ಕಣೋ.

ಕೊನೆಯಲ್ಲಿ ನೀನು ಬರೆದ ಟಿಪ್ಪಣಿ. "ಕ್ಯಾಮೆರಾ ಅಲುಗಾಡಲಿ, ಸೌಂಡ್ ಹೆಂಗಾದರೂ ಇರಲಿ, ಹಸಿಹಸಿಯಾಗಿರಬೇಕು." ಇದು ಸೋಮಾರಿತನ. ಇವಾನ್ ಸೆನ್ ತನ್ನ ತಾಯಿಯ ಊರು ಟೂಮೆಲಾಗೆ ಹೋಗಿ ಅದೇ ಹೆಸರಿನ ಸಿನಿಮಾ ಮಾಡಿದ, 2011ರಲ್ಲಿ. ನಟಿಸಿದವರಲ್ಲಿ ಹೆಚ್ಚಿನವರು ಊರಿನವರೇ. ಬರೆದದ್ದು, ಕ್ಯಾಮೆರಾ ಹಿಡಿದದ್ದು, ಎಡಿಟ್ ಮಾಡಿದ್ದು ಎಲ್ಲ ಅವನೇ. ಚಿಕ್ಕ ಸಿನಿಮಾ, ಆದರೆ ಯಾವ ಮುಖವನ್ನು ಎಷ್ಟು ಹೊತ್ತು ನೋಡಬೇಕು ಅಂತ ಅವನಿಗೆ ಗೊತ್ತು. ಶೆಡ್‌ನಲ್ಲೂ ಹಾಗೇ. ಹೊಸಬ ಒಂದೇ ಜಾಗದಲ್ಲಿ ಎರಡು ಸಲ ಮಿಷನ್ ಆಡಿಸಿದರೆ ಉಣ್ಣೆ ತುಂಡಾಗುತ್ತದೆ, ಬೆಲೆ ಬೀಳುತ್ತದೆ, "ಸೆಕೆಂಡ್ ಕಟ್" ಅಂತ ಬೈತಾರೆ. ಅವರ ಕೆಲಸದಲ್ಲೇ ಅಷ್ಟು ನಾಜೂಕು ಇರುವಾಗ ಅವರ ಬಗ್ಗೆ ತೆಗೆಯುವ ನೀನು ಹೆಂಗಾದರೂ ಇರಲಿ ಅಂದರೆ ಹೇಗೆ?

ರಜೆಗೆ ಬಾ. ನಮ್ಮ ಬೀದಿಯ ಹುಡುಗನೊಬ್ಬ ಶೆಡ್‌ನಲ್ಲಿ ಉಣ್ಣೆ ಎತ್ತುವ ಕೆಲಸ ಮಾಡುತ್ತಾನೆ, ಮಾತಾಡಿದ್ದೇನೆ. ಮೂರು ದಿನ ಕಸ ಗುಡಿಸುವುದಾದರೆ ಬರಲಿ ಅಂದಿದ್ದಾನೆ. ಆ ಮೂರು ದಿನ ಕ್ಯಾಮೆರಾ ನನ್ನ ಮನೆಯಲ್ಲೇ ಇರುತ್ತದೆ, ಈಗಲೇ ಹೇಳಿದ್ದೇನೆ. ಎಂಟುನೂರು ಕಿಲೋಮೀಟರ್‌ಗೂ ಜಾಸ್ತಿ ದಾರಿ, ರಾತ್ರಿ ಓಡಿಸಬೇಡ, ಕಾಂಗರೂ ಅಡ್ಡ ಬರುತ್ತವೆ, ಮಿಲ್ಡೂರಾದಲ್ಲಿ ಉಳಿದುಕೋ. ಮೆಲ್ಬರ್ನ್‌ನ ಅಂಗಡಿಯಲ್ಲಿ ರಾಗಿ ಹಿಟ್ಟು ಸಿಕ್ಕರೆ ಎರಡು ಪ್ಯಾಕೆಟ್ ತಾ, ಇಲ್ಲಿ ಮುಗಿದಿದೆ.

ನಿನ್ನ ಅತ್ತೆ