ಭುಜಕ್ಕೆ ಒಗ್ಗುವ ರೈಫಲ್: ಮಗಳಿಗೆ ದೊಡ್ಡಪ್ಪನ ಕಾಗದ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಜಿಂಕೆ ಬೇಟೆಯ ಪರವಾನಗಿಗೆ ಕಟ್ಟಿದ್ದ ಪರೀಕ್ಷೆ ಪಾಸಾಯಿತೆಂದೂ, ಋತು ಆರಂಭವಾಗುವ ಮೊದಲು ಸ್ವಂತಕ್ಕೊಂದು ರೈಫಲ್ ಕೊಳ್ಳಬೇಕೆಂದಿರುವೆಯೆಂದೂ, ಯಾವ ಕ್ಯಾಲಿಬರ್, ಅಂದರೆ ಯಾವ ಅಳತೆಯ ಗುಂಡಿನದು, ಆದೀತೆಂದೂ ಕೇಳಿ ನೀನು ಬರೆದ ಕಾಗದ ಕೈಸೇರಿತು. ಅದರ ಕೊನೆಯಲ್ಲಿ, ಹೇಳಲೋ ಬೇಡವೋ ಎಂಬಂತೆ, ‘ಗೆಳತಿಯ .30-06 ಹೊಡೆದು ನೋಡಿದೆ, ನಾಲ್ಕನೆಯ ಈಡಿಗೆ ಭುಜ ಕಂದಿತು, ಐದನೆಯದು ಹಲಗೆಗೇ ತಗುಲಲಿಲ್ಲ’ ಎಂದು ಒಂದು ಸಾಲು ಸೇರಿಸಿದ್ದೀಯಲ್ಲ, ನನ್ನ ಈ ಉತ್ತರವೆಲ್ಲ ಆ ಸಾಲಿಗೇ ಸಲ್ಲತಕ್ಕದ್ದು.

ಐದನೆಯ ಈಡು ತಪ್ಪಿದ್ದು ನಿನ್ನ ಕಣ್ಣಿನ ದೋಷದಿಂದಲ್ಲ. ನಾಲ್ಕು ಸಲ ಒದೆ ತಿಂದ ಮೈ ಐದನೆಯದು ಬರುವ ಮುನ್ನವೇ ತಾನಾಗಿ ಬಿಗಿದುಕೊಂಡಿತು, ರೆಪ್ಪೆ ಮುಚ್ಚಿತು, ಬೆರಳು ಟ್ರಿಗರನ್ನು ಒತ್ತುವ ಬದಲು ಕಿತ್ತು ಎಳೆಯಿತು. ಇದಕ್ಕೆ ಅಳುಕು ಎನ್ನುತ್ತೇನೆ. ಇದನ್ನು ಹೇಡಿತನವೆಂದು ತಿಳಿಯಬೇಡ. ಬಿಸಿ ಪಾತ್ರೆಯಿಂದ ಕೈ ಹಿಂದಕ್ಕೆ ಸರಿಯುವುದು ಹೇಗೋ ಇದೂ ಹಾಗೆಯೇ. ಆದರೆ ಒಮ್ಮೆ ಮೈಗೆ ಅಂಟಿದರೆ ಬಿಡಿಸಿಕೊಳ್ಳಲು ತಿಂಗಳುಗಳೇ ಬೇಕಾಗುತ್ತವೆ.

ನನಗೂ ಅಂಟಿತ್ತು. ಮೊದಲ ರೈಫಲ್ ಕೊಳ್ಳಲು ಹೋದಾಗ ಅಂಗಡಿಯಾತ, ಗುಂಡು ದೊಡ್ಡದಿದ್ದರೆ ಎಲ್ಲಿ ತಗುಲಿದರೂ ಪ್ರಾಣಿ ಬಿದ್ದಂತೆಯೇ ಎಂದು ಹೇಳಿ, ಹೊರಲು ಹಗುರವಾದ, ಹೊಡೆದರೆ ಹಲ್ಲು ಕಡಿಯುವಂಥ ಒಂದು .30-06 ಅನ್ನು ನನ್ನ ಕೈಗಿತ್ತ. ಆ ವರ್ಷ ಎಂಬತ್ತು ಮೀಟರಿನಲ್ಲಿ ಅಡ್ಡ ನಿಂತಿದ್ದ ಜಿಂಕೆಯ ಹೊಟ್ಟೆಗೆ ಹೊಡೆದೆ. ಎಲೆಗಳ ಮೇಲೆ ಹಸಿರು ಬೆರೆತ ರಕ್ತದ ಹನಿಗಳನ್ನು ಹಿಡಿದು ಕತ್ತಲಾಗುವವರೆಗೆ ನಡೆದೆ, ಮರುದಿನ ಬೆಳಗ್ಗೆಯೂ ನಡೆದೆ, ಅದು ಸಿಗಲಿಲ್ಲ. ಬಳಿಕ ಹಿರಿಯ ಬೇಟೆಗಾರರೊಬ್ಬರು ಗುರಿ ಅಭ್ಯಾಸದ ಮೈದಾನದಲ್ಲಿ ನನ್ನನ್ನು ಆಚೆ ತಿರುಗಿ ನಿಲ್ಲಿಸಿ, ಮ್ಯಾಗಜೀನಿನಲ್ಲಿ ನಿಜವಾದ ತೋಟಾಗಳ ನಡುವೆ ಮದ್ದಿಲ್ಲದ ಡಮ್ಮಿ ತೋಟಾ ಒಂದನ್ನು ಸೇರಿಸಿ ಕೊಟ್ಟರು. ಮೂರನೆಯ ಸಲ ಟ್ರಿಗರ್ ಒತ್ತಿದಾಗ ‘ಟಕ್’ ಎಂದಿತಷ್ಟೆ. ಸದ್ದಿಲ್ಲ, ಒದೆಯಿಲ್ಲ, ಆದರೂ ನಳಿಗೆಯ ತುದಿ ನಾಲ್ಕು ಬೆರಳು ಕೆಳಕ್ಕೆ ಕುಕ್ಕಿ ನಿಂತಿತ್ತು. ಅವರು ಏನೂ ಹೇಳಲಿಲ್ಲ, ನನಗೆ ಹೇಳಿಸಿಕೊಳ್ಳುವುದೂ ಉಳಿದಿರಲಿಲ್ಲ.

ಒದೆಯ ಲೆಕ್ಕ ಗೂಢವಾದದ್ದೇನಲ್ಲ. ಗುಂಡಿನ ತೂಕ ಮತ್ತು ವೇಗ, ಅದರ ಹಿಂದೆ ಉರಿದು ಹೊರನುಗ್ಗುವ ಮದ್ದಿನ ಅನಿಲದ ತೂಕ ಮತ್ತು ವೇಗ, ಇವೆರಡೂ ಸೇರಿ ಮುಂದಕ್ಕೆ ಎಷ್ಟು ನೂಕುತ್ತವೆಯೋ ರೈಫಲ್ ಅಷ್ಟೇ ಬಲದಿಂದ ಹಿಂದಕ್ಕೆ ಬರುತ್ತದೆ. ರೈಫಲ್ ಭಾರವಾದಷ್ಟೂ ಒದೆಯ ಶಕ್ತಿ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಮೂರು ಕಿಲೋದ ರೈಫಲಿಗೆ ದುರ್ಬೀನು, ಪಟ್ಟಿ ಎಲ್ಲ ಸೇರಿ ಆರುನೂರು ಗ್ರಾಂ ಕೂಡಿದರೆ ಒದೆಯಲ್ಲಿ ಆರನೆಯ ಒಂದು ಪಾಲು ಕಡಿಮೆಯಾಯಿತು. ಸುಮಾರು 3.4 ಕಿಲೋ ತೂಗುವ ರೈಫಲಿನಲ್ಲಿ 180 ಗ್ರೇನ್ (ಗ್ರೇನ್ ಎಂದರೆ ಗುಂಡಿನ ತೂಕದ ಚಿಕ್ಕ ಅಳತೆ) ಗುಂಡು ಹಾರಿಸುವ .30-06 ಇಪ್ಪತ್ತು ಅಡಿ-ಪೌಂಡಿಗೂ (ಒಂದು ಪೌಂಡ್ ತೂಕವನ್ನು ಒಂದು ಅಡಿ ಎತ್ತುವ ಶಕ್ತಿಯೇ ಒಂದು ಅಡಿ-ಪೌಂಡ್) ಮಿಕ್ಕಿ ಒದೆಯುತ್ತದೆ, .308 ವಿಂಚೆಸ್ಟರ್ ಹದಿನೇಳರ ಆಸುಪಾಸು, .243 ವಿಂಚೆಸ್ಟರ್ ಹತ್ತರ ಆಸುಪಾಸು. ಹದಿನೈದು ದಾಟಿದರೆ ಹೊಸಬರಲ್ಲಿ ಹೆಚ್ಚಿನವರಿಗೆ ಅಳುಕು ಶುರುವಾಗುತ್ತದೆ ಎಂಬುದು ಬಳಕೆಯ ಮಾತು. ಅಳತೆಗೋಲಿನಂಥ ಸತ್ಯವಲ್ಲದಿದ್ದರೂ ನನ್ನ ಅನುಭವಕ್ಕೆ ಅದು ಸರಿಹೊಂದುತ್ತದೆ.

ಆದ್ದರಿಂದ ನಿನಗೆ ಮೊದಲು ಹೇಳುವ ಹೆಸರು .243 ವಿಂಚೆಸ್ಟರ್. 1952ರಲ್ಲಿ ಮಾರುಕಟ್ಟೆಗೆ ಬಂದ .308 ತೋಟಾದ ಕತ್ತನ್ನು, ಅಂದರೆ ಗುಂಡು ಕೂರುವ ಬಾಯಿಯನ್ನು, ಕಿರಿದುಗೊಳಿಸಿ 1955ರಲ್ಲಿ ಇದನ್ನು ಹೊರತಂದರು. 100 ಗ್ರೇನ್, ಅಂದರೆ ಆರೂವರೆ ಗ್ರಾಂ ತೂಗುವ ಗುಂಡನ್ನು ಇದು ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ಕಳಿಸುತ್ತದೆ. ನಳಿಗೆಯ ಬಾಯಲ್ಲಿ ಅದರ ಶಕ್ತಿ 1,900 ಅಡಿ-ಪೌಂಡಿನಷ್ಟು. ಇದನ್ನು ಮಕ್ಕಳ ಕ್ಯಾಲಿಬರ್ ಎಂದು ಹಂಗಿಸುವವರು ಸಿಗುತ್ತಾರೆ, ಅವರ ಮಾತಿಗೆ ಕಿವಿಗೊಡಬೇಡ. ಶ್ವಾಸಕೋಶವನ್ನು ಹಾದುಹೋದ ಆರು ಮಿಲಿಮೀಟರಿನ ಗುಂಡಿಗೂ ಏಳೂವರೆ ಮಿಲಿಮೀಟರಿನ ಗುಂಡಿಗೂ ಇರುವ ಅಂತರ ಜಿಂಕೆಗೆ ತಿಳಿಯುವುದಿಲ್ಲ, ಆದರೆ ಶ್ವಾಸಕೋಶಕ್ಕೂ ಹೊಟ್ಟೆಗೂ ಇರುವ ಅಂತರ ಚೆನ್ನಾಗಿ ತಿಳಿಯುತ್ತದೆ.

ಆದರೆ .243 ಕೊಂಡವರು ಮಾಡುವ ತಪ್ಪೊಂದಿದೆ, ಅದನ್ನು ಬಿಡಿಸಿ ಹೇಳಬೇಕು. ಈ ಕ್ಯಾಲಿಬರಿಗೆ 55, 58 ಗ್ರೇನಿನ ಹಗುರ ಗುಂಡುಗಳೂ ಸಿಗುತ್ತವೆ. ಅವು ನರಿಯಂಥ ಸಣ್ಣ ಪ್ರಾಣಿಗಳಿಗೆಂದು ಮಾಡಿದವು. ತಗುಲಿದೊಡನೆ ಚೂರುಚೂರಾಗುವುದೇ ಅವುಗಳ ಉದ್ದೇಶ. ಜಿಂಕೆಯ ಭುಜದ ಎಲುಬಿಗೆ ಅಂಥದ್ದೊಂದು ಬಿದ್ದರೆ ಮೇಲ್ಮೈಯಲ್ಲಿ ಭೀಕರವಾದ ಗಾಯವಾಗುತ್ತದೆ, ಒಳಗೆ ಹೃದಯದವರೆಗೆ ಏನೂ ತಲುಪುವುದಿಲ್ಲ. ನೀನು ಕೊಳ್ಳಬೇಕಾದದ್ದು 90ರಿಂದ 100 ಗ್ರೇನಿನ, ಜಿಂಕೆಗೆಂದೇ ತಯಾರಾದ, ಮೂತಿ ಅರಳಿದರೂ ಬುಡ ಒಡೆಯದ ಗುಂಡು. ಪೂರ್ತಿ ತಾಮ್ರದ ಗುಂಡಾದರೆ 80, 85 ಗ್ರೇನ್ ಸಾಕು. ಅದು ಚೂರಾಗದೆ ಆಳಕ್ಕೆ ಇಳಿಯುತ್ತದೆ, ಮಾಂಸದಲ್ಲಿ ಸೀಸದ ಕಣಗಳೂ ಉಳಿಯುವುದಿಲ್ಲ. ಸೇನೆಯವರು ಬಳಸುವ ಪೂರ್ಣ ಹೊದಿಕೆಯ ಗುಂಡನ್ನು ಮಾತ್ರ ಮುಟ್ಟಲೇಬೇಡ. ಅದು ಅರಳದೆ ಸೂಜಿಯಂತೆ ತೂರಿಹೋಗುತ್ತದೆ. ಬೇಟೆಗೆ ಅದನ್ನು ನಿಷೇಧಿಸಿದ ಕಡೆಗಳೂ ಬಹಳ.

ಗುಂಡಿನ ಮಾತು ಬಂದಾಗ ಹಳೆಯ ಕಥೆಯೊಂದು ನೆನಪಾಗುತ್ತದೆ. .243 ಬಂದ 1955ರಲ್ಲೇ ರೆಮಿಂಗ್ಟನ್ ಕಂಪನಿಯವರು ಅದೇ ಅಳತೆಯ ಗುಂಡಿನ .244 ಎಂಬುದನ್ನು ತಂದರು. ತೋಟಾ ಯಾವ ರೀತಿಯಲ್ಲೂ ಕಡಿಮೆಯದಲ್ಲ. ಆದರೆ ಅವರ ನಳಿಗೆಯೊಳಗೆ ಗುಂಡನ್ನು ತಿರುಗಿಸಿ ನೆಟ್ಟಗೆ ಹಾರಿಸುವ ಸುರುಳಿ ಗೆರೆಗಳು ಹನ್ನೆರಡು ಇಂಚಿಗೆ ಒಂದು ಸುತ್ತು ಹಾಕುತ್ತಿದ್ದವು, ಎದುರಾಳಿ .243ರವು ಹತ್ತು ಇಂಚಿಗೆ ಒಂದು. ನಿಧಾನದ ಸುರುಳಿ ಹಗುರ ಗುಂಡಿಗೆ ಸಾಕಾಯಿತು, ಜಿಂಕೆಗೆ ಬೇಕಾದ 100 ಗ್ರೇನಿನ ಚೂಪು ಮೂತಿಯ ಗುಂಡಿಗೆ ಸಾಲದು ಎಂಬ ಹೆಸರು ಹಬ್ಬಿತು. ಸುರುಳಿಯನ್ನು ಬಿಗಿಗೊಳಿಸಿ, 1963ರಲ್ಲಿ 6 ಮಿ.ಮೀ. ರೆಮಿಂಗ್ಟನ್ ಎಂದು ಹೆಸರು ಬದಲಿಸಿದರೂ ಅದು ಮತ್ತೆ ಚೇತರಿಸಿಕೊಳ್ಳಲಿಲ್ಲ. ಯಾವುದೇ ರೈಫಲ್ ಕೊಳ್ಳುವಾಗ ನೀನು ಹೊಡೆಯಬೇಕೆಂದಿರುವ ಗುಂಡಿಗೆ ಅದರ ಸುರುಳಿ ಹೊಂದುತ್ತದೆಯೇ ಎಂದು ಕೇಳಿ ತಿಳಿದುಕೋ.

ಇನ್ನು, ಮುಂದೆ ದೊಡ್ಡ ಜಾತಿಯ ಜಿಂಕೆಗಳ ಬೇಟೆಗೂ ಹೋಗುವ ಮನಸ್ಸಿದ್ದರೆ ಒಂದು ಮೆಟ್ಟಿಲು ಮೇಲೆ ಆರೂವರೆ ಮಿಲಿಮೀಟರಿನವು ಇವೆ. 6.5x55 ಸ್ವೀಡಿಷ್ ಎಂಬುದು 1890ರ ದಶಕದ್ದು, ಸೈನಿಕರ ತೋಟಾ. ಸ್ಕಾಂಡಿನೇವಿಯಾದವರು ಅದರಿಂದ ಮೂಸ್‌ನಂಥ ಭಾರೀ ಪ್ರಾಣಿಯನ್ನೇ ತಲೆಮಾರುಗಳಿಂದ ಹೊಡೆಯುತ್ತ ಬಂದಿದ್ದಾರೆ. 2007ರಲ್ಲಿ ಬಂದ 6.5 ಕ್ರೀಡ್‌ಮೋರ್ ಹೆಚ್ಚುಕಡಿಮೆ ಅದೇ ಕೆಲಸವನ್ನು ಗಿಡ್ಡ ತೋಟಾದಲ್ಲಿ ಮಾಡುತ್ತದೆ, ಅದರ ತೋಟಾಗಳೂ ಬೇಕಾದಷ್ಟು ಸಿಗುತ್ತವೆ. ಎರಡರ ಒದೆಯೂ ಹನ್ನೆರಡು ಹದಿಮೂರು ಅಡಿ-ಪೌಂಡಿನ ಆಚೀಚೆ. ಉದ್ದವಾದ ತೆಳು ಗುಂಡಾದ್ದರಿಂದ ಆಳಕ್ಕೆ ಇಳಿಯುತ್ತದೆ, ಗಾಳಿಗೆ ಅಷ್ಟಾಗಿ ವಾಲುವುದಿಲ್ಲ. 1980ರ 7 ಮಿ.ಮೀ.-08 ರೆಮಿಂಗ್ಟನ್ ಕೂಡ .308ರ ಕತ್ತನ್ನೇ ಕಿರಿದುಗೊಳಿಸಿದ್ದು. ಅದರ 140 ಗ್ರೇನಿನ ಗುಂಡು ನನಗೆ ಬಲು ಮೆಚ್ಚು, ಆದರೆ ಒದೆ ಹದಿನೈದರ ಅಂಚಿಗೆ ಬರುತ್ತದೆ. ಒಂದೆರಡು ಋತು ಕಳೆದ ಮೇಲೆ ಅದನ್ನು ಯೋಚಿಸಿದರಾಯಿತು. 1915ರ .250 ಸ್ಯಾವೇಜ್, 1934ರ .257 ರಾಬರ್ಟ್ಸ್ ಎರಡೂ ಸೌಮ್ಯವಾದ, ಸೊಗಸಾದ ತೋಟಾಗಳು. ಯಾರದಾದರೂ ಕಪಾಟಿನಲ್ಲಿ ಕಂಡರೆ ಕೈಗೆತ್ತಿಕೊಂಡು ನೋಡು, ಆದರೆ ತೋಟಾ ಹುಡುಕುವುದೇ ಒಂದು ಬೇಟೆಯಾಗುವುದರಿಂದ ಮೊದಲ ರೈಫಲಿಗೆ ಬೇಡ. 1895ರ .30-30 ದಟ್ಟ ಪೊದೆಗಳ ಕಾಡಿನಲ್ಲಿ, ನೂರು, ಹೆಚ್ಚೆಂದರೆ ನೂರೈವತ್ತು ಮೀಟರಿನೊಳಗೆ ಇವತ್ತಿಗೂ ಸೋತಿಲ್ಲ.

.223 ಸಾಲದೇ ಎಂದು ಕೇಳಿದ್ದೀಯೆ. ಅದರ ಒದೆ ನಾಲ್ಕು ಅಡಿ-ಪೌಂಡಿನಷ್ಟು, ಮಗುವೂ ತಡೆದೀತು. ಪಳಗಿದ ಕೈ ಸರಿಯಾದ ಗುಂಡಿನಿಂದ ಹತ್ತಿರದ ಸಣ್ಣ ಜಿಂಕೆಯನ್ನು ಅದರಿಂದ ಕೆಡವಬಲ್ಲುದು, ಅದಕ್ಕೆ ಅನುಮತಿಯಿರುವ ಸೀಮೆಗಳೂ ಇವೆ. ಆದರೆ ಪಳಗಿದ ಕೈ ನಿನ್ನದಲ್ಲ, ಇನ್ನೂ. ಜಿಂಕೆ ಸ್ವಲ್ಪ ಓರೆಯಾಗಿ ನಿಂತು ಗುಂಡು ದಪ್ಪ ಎಲುಬನ್ನು ದಾಟಬೇಕಾದಾಗ ಅಲ್ಲಿ ಕೈಯಲ್ಲಿ ಏನೂ ಮಿಗುವುದಿಲ್ಲ. ಒದೆ ಕಡಿಮೆಯಿರಲಿ ಎಂಬ ಆಸೆಗೂ ಒಂದು ತಳವಿದೆ, ನಾನು ಅದನ್ನು .243ಕ್ಕೆ ನಿಲ್ಲಿಸುತ್ತೇನೆ. ಕಾನೂನೂ ಕೆಲವೆಡೆ ಅಲ್ಲೇ ಗೆರೆ ಎಳೆಯುತ್ತದೆ: ಇಂಗ್ಲೆಂಡಿನಲ್ಲಿ ದೊಡ್ಡ ಜಾತಿಯ ಜಿಂಕೆಗಳಿಗೆ .240 ಇಂಚಿಗಿಂತ ಕಿರಿದಾದದ್ದೂ 1,700 ಅಡಿ-ಪೌಂಡಿಗಿಂತ ಕಡಿಮೆ ಶಕ್ತಿಯದ್ದೂ ಸಲ್ಲದು. ನಿನ್ನ ಪರವಾನಗಿಯ ನಿಯಮ ಪುಸ್ತಕದಲ್ಲಿ ಈ ಅಂಕಿಗಳನ್ನು ಮೊದಲು ಓದು, ಅಂಗಡಿಗೆ ಆಮೇಲೆ ಹೋಗು.

ಕ್ಯಾಲಿಬರ್ ಸರಿಯಾಗಿ ಆರಿಸಿಯೂ ರೈಫಲಿನ ಹಿಂಬದಿಯ ಮರ ಉದ್ದವಾಗಿದ್ದರೆ ಎಲ್ಲ ಕೆಟ್ಟಿತು. ಭುಜಕ್ಕೆ ಆನಿಸುವ ಮರ ನಿನ್ನ ತೋಳಿಗಿಂತ ಉದ್ದವಾದರೆ ನೀನು ಹಿಂದಕ್ಕೆ ಬಾಗಿ, ಕತ್ತು ಚಾಚಿ, ಬುಡವನ್ನು ಭುಜದ ಗುಳಿಯ ಬದಲು ತೋಳಿನ ಮೇಲೆ ಇಟ್ಟು ಹೊಡೆಯುತ್ತೀಯೆ. ನಿನ್ನ ಕಂದುಗಲೆ ಭುಜದ ಹೊರಭಾಗದಲ್ಲಿದೆಯೆಂದು ಬರೆದಿರುವೆಯಲ್ಲ, ನನ್ನ ಅನುಮಾನ ಅದೇ. ಬುಡಕ್ಕೆ ಮೆತ್ತನೆಯ ರಬ್ಬರ್ ಪ್ಯಾಡ್ ಹಾಕಿಸು. ದುರ್ಬೀನನ್ನು ಕಣ್ಣಿನಿಂದ ಒಂಬತ್ತು ಸೆಂಟಿಮೀಟರಿನಷ್ಟಾದರೂ ದೂರವಿಟ್ಟು ಕೂರಿಸಬೇಕು, ಇಲ್ಲವಾದರೆ ಅದರ ಅಂಚು ಹುಬ್ಬಿನ ಮೇಲೆ ಅರ್ಧಚಂದ್ರದ ಮುದ್ರೆ ಒತ್ತುತ್ತದೆ; ನನ್ನ ಎಡಹುಬ್ಬಿನಲ್ಲಿ ಕೂದಲಿಲ್ಲದ ಗೆರೆಯನ್ನು ನೀನು ಚಿಕ್ಕವಳಿದ್ದಾಗ ಬೆರಳಿಟ್ಟು ಕೇಳುತ್ತಿದ್ದೆ, ಅದರ ಮೂಲ ಇದೇ. ನಳಿಗೆಯ ತುದಿಗೆ ಬ್ರೇಕ್ ಹಾಕಿಸಿದರೆ ಒದೆ ಬಹಳ ತಗ್ಗುತ್ತದೆ ಎಂದು ಹೇಳಿಯಾರು. ನಿಜ, ಆದರೆ ಅದು ಅನಿಲವನ್ನು ಪಕ್ಕಕ್ಕೆ ತಿರುಗಿಸುವುದರಿಂದ ಸದ್ದು ನಿನ್ನ ಕಿವಿಗೂ ಜೊತೆಯವರ ಕಿವಿಗೂ ಬಡಿಯುತ್ತದೆ. ರೈಫಲಿನ ಸದ್ದು ಹೇಗಿದ್ದರೂ 140 ಡೆಸಿಬೆಲ್ ದಾಟುವಂಥದ್ದು. ಅಳುಕಿನಲ್ಲಿ ಅರ್ಧ ಪಾಲು ಭುಜದ್ದಲ್ಲ, ಕಿವಿಯದ್ದು. ಬ್ರೇಕಿಲ್ಲದ .243ಕ್ಕೂ ಕಿವಿಯೊಳಗೊಂದು, ಹೊರಗೊಂದು ರಕ್ಷಣೆ ಹಾಕಿಕೊಂಡೇ ಅಭ್ಯಾಸ ಮಾಡು.

ಅಭ್ಯಾಸವನ್ನು ಚಿಕ್ಕ ತೋಟಾದ .22 ರಿಮ್‌ಫೈರ್ ರೈಫಲಿನಿಂದ ಶುರುಮಾಡು. ಒದೆಯೇ ಇಲ್ಲದ ಅದರಲ್ಲಿ ನೂರಾರು ಈಡು ಹೊಡೆದ ಮೇಲೆ .243 ಎತ್ತಿಕೊಂಡು, ಒಂದು ದಿನಕ್ಕೆ ಹದಿನೈದಕ್ಕಿಂತ ಹೆಚ್ಚು ಹೊಡೆಯದೆ, ನಡುನಡುವೆ ಡಮ್ಮಿ ತೋಟಾವನ್ನು ಜೊತೆಯವರ ಕೈಯಿಂದ ಹಾಕಿಸಿಕೋ. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಮುಂಗಾಲಿನ ಹಿಂದೆ ಸುಮಾರು ಇಪ್ಪತ್ತು ಸೆಂಟಿಮೀಟರಿನ ವೃತ್ತದಷ್ಟು, ಸಣ್ಣ ಜಾತಿಗಳಲ್ಲಿ ಇನ್ನೂ ಕಿರಿದು. ಮೇಜಿಗೆ ಒರಗಿಯಲ್ಲ, ಮೊಣಕಾಲೂರಿ, ಕೋಲಿಗೆ ಆನಿಸಿ ಹೊಡೆದಾಗ ಹತ್ತಕ್ಕೆ ಹತ್ತು ಆ ವೃತ್ತದೊಳಗೆ ಬೀಳುವ ದೂರವೆಷ್ಟೋ ನಿನ್ನ ಬೇಟೆಯ ದೂರವೂ ಅಷ್ಟೇ. ಅದು ನೂರು ಮೀಟರಾದರೆ ನೂರು. ತೋಟಾದ ಡಬ್ಬಿಯ ಮೇಲೆ ಮುನ್ನೂರರ ಕೋಷ್ಟಕ ಅಚ್ಚಾಗಿದ್ದರೂ ಅದು ತೋಟಾದ ಲೆಕ್ಕ, ನಿನ್ನದಲ್ಲ. .243 ಹಿಡಿದು ಇನ್ನೂರು ಮೀಟರ್ ದಾಟುವ ಪ್ರಮೇಯ ಈ ಋತುವಿನಲ್ಲಂತೂ ಬರಕೂಡದು.

ಕೊಳ್ಳುವ ಮುನ್ನ ಮೊಣಕೈಯನ್ನು ಲಂಬಕೋನದಲ್ಲಿ ಮಡಚಿ, ಅದರ ಒಳಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಟೇಪು ಹಿಡಿದು ಅಳೆದು ನನಗೆ ಬರೆ. ದಪ್ಪ ಚಳಿಯಂಗಿ ತೊಟ್ಟುಕೊಂಡು ಒಮ್ಮೆ, ತೊಡದೆ ಒಮ್ಮೆ ರೈಫಲನ್ನು ಭುಜಕ್ಕೇರಿಸಿ ನೋಡು. ಆ ಅಳತೆ ಕೈಗೆ ಬಂದ ಮೇಲೆ ಮರವನ್ನು ಎಷ್ಟು ಕೊಯ್ಯಿಸಬೇಕೆಂದು ತಿಳಿಸುತ್ತೇನೆ, ಅಲ್ಲಿಯವರೆಗೆ ಗೆಳತಿಯ .30-06 ಅನ್ನು ಅವಳಲ್ಲೇ ಇರಲು ಬಿಡು.

ಇಂತಿ ನಿನ್ನ,
ದೊಡ್ಡಪ್ಪ